ದೇವರು ಕೊಂಡ ಬೀಜ

ಹತ್ತು ವರ್ಷದ ವಾರ್ಷಿಕ ವರದಿಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದು, ಚನ್ನಗಿರಿಯ ನನ್ನ ಹಳೆಯ ಆಫೀಸಿನ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಯುಗಾದಿ ಕಳೆದು ಒಂದು ವಾರವಾಗಿತ್ತು. ಆಫೀಸು ಎಂದರೆ ಆಗ ನಾನು, ಒಂದು ಫ್ಯಾನು, ಗೋಡೆಯಲ್ಲಿ ಕೇಬಲ್ ಕಿತ್ತ ತೂತುಗಳು, ಅಷ್ಟೆ. ಹಿಂದಿನ ವರ್ಷದವರೆಗೆ ಅಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಿದ್ದರು. ಬೀಜ-ಗೊಬ್ಬರದ ಅಂಗಡಿಗಳಿಗೆ ಬಿಲ್ ಹಾಕುವ, ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅಂಗಡಿ ಅಂಗಡಿ ಹತ್ತಿಳಿದು ಮಾರಿದ್ದೆವು. ಕೊನೆಗೆ ಹೊರಗಿನ ದೊಡ್ಡ ಸಂಸ್ಥೆಯೊಂದು ಗಿರಾಕಿಗಳ ಪಟ್ಟಿಯ ಸಮೇತ ನಮ್ಮನ್ನು ಕೊಂಡುಕೊಂಡಿತು. ನನ್ನ ಪಾಲಿಗೆ ಬಂದ ಹಣ ಹಿಡಿದುಕೊಂಡು ನಾನು ಷೇರಿನ ಕಡೆ ತಿರುಗಿದೆ.

ಬೆಳಿಗ್ಗೆ ಕೊಂಡು ಸಂಜೆ ಮಾರುವ ಆಟ ನನ್ನದಲ್ಲ. ಒಂದು ಕಂಪನಿಯ ನಿಜವಾದ ಬೆಲೆ ಎಷ್ಟೆಂದು ಓದಿ ತಿಳಿದುಕೊಂಡು, ಪೇಟೆ ಅದಕ್ಕಿಂತ ಅಗ್ಗಕ್ಕೆ ಕೊಡುವಾಗ ಕೊಂಡು, ವರ್ಷಗಟ್ಟಲೆ ಸುಮ್ಮನೆ ಕೂರುವ ಕೆಲಸ. ಸಾಫ್ಟ್‌ವೇರ್‌ನವನಿಗೆ ಇದು ಹೇಳಿ ಮಾಡಿಸಿದ್ದು ಎಂದುಕೊಂಡಿದ್ದೆ. ಸಾವಿರಾರು ಸಾಲಿನ ನಡುವೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಇಷ್ಟು ದಿನ ಮಾಡಿದ ಕಸುಬು, ಇನ್ನು ಮುಂದೆ ಅದನ್ನೇ ವರದಿಗಳಲ್ಲಿ ಮಾಡಿದರಾಯಿತು ಎಂಬ ಜಂಬ ನನಗಿತ್ತು.

ಆ ವರದಿಗಳು ಒಂದು ಸಣ್ಣ ಬೀಜದ ಕಂಪನಿಯವು. ಹೆಸರು ಬೇಡ. ಮೆಕ್ಕೆಜೋಳದ ಹೈಬ್ರಿಡ್ ಬೀಜ ಮಾಡಿ ನಮ್ಮ ಕಡೆಯ ತಾಲ್ಲೂಕುಗಳಲ್ಲೇ ಹೆಚ್ಚಾಗಿ ಮಾರುತ್ತಿತ್ತು. ಅವತ್ತಿನ ಷೇರು ಬೆಲೆಗೆ ಇಡೀ ಕಂಪನಿಯನ್ನು ಕೊಂಡು, ಮರುದಿನವೇ ಬಾಗಿಲು ಹಾಕಿ, ಗೋದಾಮಿನ ಬೀಜ ಮಾರಿ, ಅಂಗಡಿಯವರಿಂದ ಬರಬೇಕಾದ ಬಾಕಿ ವಸೂಲು ಮಾಡಿ, ಸಾಲಗೀಲ ತೀರಿಸಿದರೂ ಕೊಟ್ಟದ್ದಕ್ಕಿಂತ ಜಾಸ್ತಿ ಕೈಯಲ್ಲಿ ಉಳಿಯಬೇಕು. ಕಾಗದದ ಮೇಲೆ ಲೆಕ್ಕ ಹಾಗಿತ್ತು. ಇಂಥದ್ದು ಸಿಗುವುದು ಅಪರೂಪ. ಮೂರು ಸಲ ಕೂಡಿ ಕಳೆದು ನೋಡಿದೆ.

ನನ್ನ ಹಣ ಮಾತ್ರ ಆಗಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಫೀಲ್ಡ್ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳಿದ್ದರು. ಊರು ಜಗಳೂರು, ಹಾಗಾಗಿ ಎಲ್ಲರಿಗೂ ಅವರು ಜಗಳೂರು ಮೇಡಂ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದರು. ಏಳು ವರ್ಷ ಹೆಗಲಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಖಾಸಗಿ ಬಸ್ಸುಗಳಲ್ಲಿ ನಿಂತು ಪ್ರಯಾಣ ಮಾಡಿ, ಅಂಗಡಿಯವರಿಗೆ ಬಿಲ್ ಹಾಕುವುದನ್ನು ಕಲಿಸಿದವರು. ಜಗಳೂರಿನಲ್ಲಿ ಒಂದು ಮಣ್ಣು-ನೀರು ಪರೀಕ್ಷೆಯ ಲ್ಯಾಬ್ ತೆರೆಯಬೇಕೆಂಬುದು ಅವರ ಆಸೆ. ಅಂಗಡಿಕಟ್ಟೆಯಲ್ಲಿ ಜನ ಮಣ್ಣಿನ ಗುಣ ತಿಳಿಯದೆ ಗೊಬ್ಬರ ಒಯ್ಯುವುದನ್ನು, ಬೋರ್‌ವೆಲ್ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿರುವುದನ್ನು ನೋಡಿ ನೋಡಿ ಹುಟ್ಟಿದ ಆಸೆ. ಕಂಪನಿ ಮಾರಿದಾಗ ಅವರಿಗೂ ಒಂದು ಪಾಲು ಕೊಟ್ಟಿದ್ದೆವು. ಲ್ಯಾಬಿನ ಯಂತ್ರಗಳಿಗೆ ಅದು ಸ್ವಲ್ಪ ಕಡಿಮೆ ಬೀಳುತ್ತಿತ್ತು.

"ಸರ್, ಬ್ಯಾಂಕಿನಾಗೆ ಇಟ್ರೆ ಇದು ಬೆಳೆಯಾದು ಯಾವಾಗ? ನೀವು ಹೆಂಗೂ ಓದ್ತೀರಿ. ನೀವು ಹೇಳಿದ್ದನ್ನ ನಾನು ತಗೊಂತೀನಿ. ಎರಡು ವರ್ಷದಾಗೆ ಲ್ಯಾಬ್ ಆಗಬೇಕು, ಅಷ್ಟೇ," ಎಂದಿದ್ದರು.

ಎರಡು ವರ್ಷದಲ್ಲಿ ಬೇಕಾಗುವ ಹಣವನ್ನು ಷೇರಿಗೆ ಹಾಕಬಾರದು. ಈ ದಾರಿಯಲ್ಲಿ ನಡೆಯುವವನು ಕಲಿಯುವ ಮೊದಲ ಪಾಠವೇ ಅದು. ನಾನು ಅದನ್ನು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ನನ್ನ ಓದಿನ ಮೇಲೆ ಒಬ್ಬರು ಇಷ್ಟು ನಂಬಿಕೆ ಇಟ್ಟಿದ್ದಾರಲ್ಲ ಎಂಬ ಖುಷಿ ಅದನ್ನು ಮುಚ್ಚಿಹಾಕಿತು. ಖಾತೆ ಅವರ ಹೆಸರಿನಲ್ಲೇ, ಅವರ ಫೋನಿನಲ್ಲೇ ಇತ್ತು. ನಾನು ಹೇಳುವುದು, ಅವರು ಗುಂಡಿ ಒತ್ತುವುದು ಎಂದು ಮಾತಾಯಿತು.

ಬರೀ ವರದಿ ನಂಬಿ ಕೊಳ್ಳಬಾರದು, ಮಾಲು ನಿಜವಾಗಿ ಹೋಗುತ್ತಿದೆಯೋ ಇಲ್ಲವೋ ಅಂಗಡಿಯಲ್ಲಿ ನಿಂತು ನೋಡಬೇಕು ಎಂಬುದು ನನ್ನ ನಿಯಮ. ಮುಂಬೈಯಲ್ಲಿ ಕೂತವರಿಗೆ ಇಲ್ಲದ ಅನುಕೂಲ ನನಗೆ ಇಲ್ಲೇ ಇತ್ತು. ಈ ನಾಲ್ಕು ತಾಲ್ಲೂಕಿನ ಬೀಜದಂಗಡಿಗಳಲ್ಲಿ ಓಡುತ್ತಿರುವುದೇ ನನ್ನ ಸಾಫ್ಟ್‌ವೇರ್. ಹೊನ್ನಾಳಿಗೆ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರದ ದೊಡ್ಡ ಅಂಗಡಿಯ ಸಾಹುಕಾರರು ನಮ್ಮ ಮೊದಲ ಗಿರಾಕಿಗಳಲ್ಲೊಬ್ಬರು. ಅಂಗಡಿಯ ಮುಂಭಾಗದಲ್ಲಿ ಆ ಕಂಪನಿಯ ಹಳದಿ ಚೀಲಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು.

"ಹೆಂಗೈತೆ ಸಾಹುಕಾರ್ರೇ ಈ ಬೀಜ?" ಎಂದೆ.

"ಏ, ಭಾರಿ ಐತೆ. ನೋಡ್ರಿ, ಮಾರ್ಚ್ ಕೊನೇ ವಾರನೇ ಲಾರಿ ಬಂದು ಇಳಿಸಿ ಹೋತು," ಎಂದು ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿದರು. "ನಿಮ್ಮ ಸಾಫ್ಟ್‌ವೇರೇ ಹೇಳತೈತಲ್ಲ, ನಾನೇನು ಹೇಳಾದು."

ಹಂಗಾಮಿನ ಮಾರಾಟದ ವರದಿ ತೆಗೆದೆ. ಮೂರು ವರ್ಷದ ಸಂಖ್ಯೆ, ವರ್ಷದಿಂದ ವರ್ಷಕ್ಕೆ ಏರಿಕೆ. ಪ್ರತಿ ಹಂಗಾಮಿನ ಕೊನೆಗೆ ದಾಸ್ತಾನು ಸೊನ್ನೆ. ತಂದಷ್ಟೂ ಮಾರಿದ್ದಾರೆ. ನ್ಯಾಮತಿಯಲ್ಲೂ ಅದೇ, ಜಗಳೂರಿನಲ್ಲೂ ಅದೇ, ಚನ್ನಗಿರಿಯಲ್ಲೂ ಅದೇ. ಸಂತೇಬೆನ್ನೂರಿನ ಅಂಗಡಿಯವನು ನಾನು ಕೇಳುವ ಮೊದಲೇ ಸ್ಕ್ರೀನ್ ತೋರಿಸಿದ. ಇಷ್ಟು ಅಚ್ಚುಕಟ್ಟಾದ ಪುರಾವೆ ಯಾವ ಹೂಡಿಕೆದಾರನಿಗೆ ಸಿಕ್ಕೀತು ಎಂದು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ.

ಒಂದು ವಿಷಯ ಮಾತ್ರ ಕಣ್ಣಿಗೆ ಚುಚ್ಚಬೇಕಿತ್ತು. ಕಂಪನಿಗೆ ಅಂಗಡಿಯವರಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿತ್ತು. ಹೊರಗಿನವನಾಗಿದ್ದರೆ ಅಲ್ಲೇ ನಿಂತು ಯಾಕೆ ಎಂದು ಕೇಳುತ್ತಿದ್ದೆ. ನಾನು ಒಳಗಿನವನಲ್ಲವೇ? ನಮ್ಮ ಕಡೆ ಒಕ್ಕಣೆ ಮುಗಿದ ಮೇಲೆ ತಾನೇ ಬೀಜದ ಹಣ ಬರುವುದು, ಅದಕ್ಕೇ ತಡ ಎಂದು ನನಗೆ ನಾನೇ ಸಮಾಧಾನ ಹೇಳಿ ಪುಟ ತಿರುವಿದೆ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಮೇಡಂಗೆ ಫೋನ್ ಮಾಡಿ ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವರು ಸ್ವಲ್ಪ ಹಿಂಜರಿದರು.

"ಸರ್, ಒಂದು ಮಾತು. ನಮ್ಮ ಜಗಳೂರು ಕಡೆ ನಾನು ಹೊಲ ಅಡ್ಡಾಡೀನಿ. ಹೊಲದ ಬದುವಿನಾಗೆ ಬೀಜದ ಕಂಪನಿಯೋರು ಬೋರ್ಡ್ ನೆಟ್ಟಿರ್ತಾರಲ್ಲ, ಈ ಕಂಪನಿ ಬೋರ್ಡ್ ನಾನು ಅಷ್ಟಾಗಿ ನೋಡೇ ಇಲ್ಲ. ಖಾಲಿ ಚೀಲಾನೂ ಯಾರ ಮನೆಯಾಗೂ ಕಂಡಿಲ್ಲ."

"ಮೇಡಂ, ನೀವು ನೋಡಿರೋದು ಹತ್ತಿಪ್ಪತ್ತು ಹೊಲ. ನಾನು ನೋಡಿರೋದು ನಾಲ್ಕು ತಾಲ್ಲೂಕಿನ ಡೇಟಾ," ಎಂದೆ.

"ಹಂಗಾದ್ರೆ ಸರಿ ಸರ್," ಎಂದರು. ಆ ವಾರದಲ್ಲೇ, ನಾನು ಹೇಳಿದ ಬೆಲೆಗೆ, ತಮ್ಮ ಪಾಲನ್ನೆಲ್ಲ ಹಾಕಿ ಕೊಂಡರು. ನಾನೂ ನನ್ನ ಹಣದ ದೊಡ್ಡ ಭಾಗ ಹಾಕಿದೆ.

ಮುಂಗಾರು ಶುರುವಾಗುವ ಹೊತ್ತಿಗೆ ಷೇರು ಸ್ವಲ್ಪ ಏರಿತು. ಹೆಚ್ಚೇನಲ್ಲ, ಆದರೆ ಮೇಡಂಗೆ ಧೈರ್ಯ ಬರುವಷ್ಟು. ಜಗಳೂರಿನಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರವೇ ಒಂದು ರೂಮು ಸಿಕ್ಕಿತೆಂದು ಹೇಳಿದರು. ಬಾಡಿಗೆ ಮುಂಗಡ ಕೊಟ್ಟರು. ಗಾರೆಯವರನ್ನು ಕರೆದು ಯಂತ್ರ ಕೂರಿಸುವ ಕಟ್ಟೆ, ಗಾಜಿನ ಸಾಮಾನು ತೊಳೆಯುವ ಸಿಂಕು ಮಾಡಿಸಿದರು. ಕಟ್ಟೆಗೆ ಬಿಳಿ ಟೈಲ್ಸ್ ಅಂಟಿಸಿದ ಫೋಟೋ ಕಳಿಸಿ, "ಹೆಂಗೈತೆ ಸರ್?" ಎಂದು ಬರೆದಿದ್ದರು. ಚೆನ್ನಾಗಿದೆ ಎಂದು ಬರೆದೆ. ಯಂತ್ರಗಳನ್ನು ದೀಪಾವಳಿಗೆ ಷೇರು ಮಾರಿ ತರಿಸುವುದೆಂದು ಇಬ್ಬರೂ ನಿಶ್ಚಯಿಸಿದೆವು.

ಶ್ರಾವಣದ ಕೊನೆಯಲ್ಲಿ ನ್ಯಾಮತಿಯಿಂದ ಫೋನ್ ಬಂತು. ಅಲ್ಲಿನ ಬೀಜದಂಗಡಿ ನಡೆಸುವವರು ಐವತ್ತು ದಾಟಿದ ಹೆಣ್ಣುಮಗಳು, ನಾನು ಅಕ್ಕಾರೇ ಎನ್ನುತ್ತೇನೆ. ಸಾಫ್ಟ್‌ವೇರ್ ಕೊಂಡ ಸಂಸ್ಥೆಯವರು ಫೋನೇ ಎತ್ತುವುದಿಲ್ಲ, ಕಂಪ್ಯೂಟರ್ ಕೆಟ್ಟು ಕೂತಿದೆ, ಹಳೇ ಪರಿಚಯದ ಮೇಲೆ ಬಂದು ನೋಡಿ ಎಂದರು. ಬೆಳಿಗ್ಗೆ ಹೋದೆ. ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಹೊಸದು ಹಾಕಿ, ಪೆನ್‌ಡ್ರೈವ್‌ನಲ್ಲಿದ್ದ ಬ್ಯಾಕಪ್ಪಿನಿಂದ ಎಲ್ಲವನ್ನೂ ವಾಪಸ್ ತುಂಬಿದೆ. ತುಂಬಿದ್ದು ಸರಿಯಾಗಿದೆಯೇ ಎಂದು ನೋಡಲು ಗ್ರಾಹಕರ ಪಟ್ಟಿಯನ್ನು ಹೆಚ್ಚು ಕೊಂಡವರಿಂದ ಕಡಿಮೆ ಕೊಂಡವರವರೆಗೆ ಜೋಡಿಸಿದೆ. ಅದು ನನ್ನ ಹಳೆಯ ಅಭ್ಯಾಸ. ಪಟ್ಟಿಯ ಮೊದಲ ಸಾಲಿನಲ್ಲಿ "ಶ್ರೀ ಆಂಜನೇಯಸ್ವಾಮಿ ಪ್ರಸನ್ನ" ಎಂದಿತ್ತು.

ಹೊಸ ಲೆಕ್ಕ ಶುರು ಮಾಡುವ ದಿನ ಮೊದಲ ಬಿಲ್ಲನ್ನು ದೇವರ ಹೆಸರಿಗೆ ಬರೆಯುವುದು ನಮ್ಮ ಕಡೆಯ ಅಂಗಡಿಗಳ ಪದ್ಧತಿ. ಒಂದು ಪೊಟ್ಟಣ ಬೀಜವೋ, ಒಂದು ಬಾಟಲಿ ಔಷಧಿಯೋ ದೇವರ ಲೆಕ್ಕಕ್ಕೆ ಬರೆದು, ಕುಂಕುಮ ಇಟ್ಟು, ಆಮೇಲೆ ವ್ಯಾಪಾರ. ಇದು ನನಗೆ ಗೊತ್ತಿದ್ದರಿಂದಲೇ ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲೂ ಗ್ರಾಹಕ ನಂಬರ್ ಒಂದನ್ನು ಆ ಮನೆಯವರ ದೇವರಿಗೆ ಮೀಸಲಿಟ್ಟಿದ್ದೆ. ಬೇರೆ ಊರಿನ ಕಂಪನಿಗಳಿಗೆ ಹೊಳೆಯದ ಈ ಉಪಾಯವನ್ನು ಅಂಗಡಿಯವರು ಬಹಳ ಮೆಚ್ಚಿಕೊಂಡಿದ್ದರು.

ಆದರೆ ಇಲ್ಲಿ ಆಂಜನೇಯಸ್ವಾಮಿ ಒಂದು ಪೊಟ್ಟಣ ಕೊಂಡಿರಲಿಲ್ಲ. ಆ ಹಂಗಾಮಿನಲ್ಲಿ ಅಂಗಡಿಗೆ ಬಂದ ಹಳದಿ ಚೀಲಗಳಲ್ಲಿ ಮೂರರಲ್ಲಿ ಎರಡು ಪಾಲನ್ನು ಸ್ವಾಮಿಯೇ ಕೊಂಡಿದ್ದ. ಹಿಂದಿನ ವರ್ಷವೂ ಕೊಂಡಿದ್ದ, ಅದರ ಹಿಂದಿನ ವರ್ಷವೂ.

"ಅಕ್ಕಾರೇ, ಇದೇನಿದು?" ಎಂದೆ.

ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಅದಾ? ಅದು ವಾಪಸ್ ಹೋಗಿದ್ದು ಕಣ್ರೀ."

"ವಾಪಸ್ ಅಂದ್ರೆ?"

"ಕಂಪನಿಯೋರು ಮಾರ್ಚ್‌ನಾಗೆ ತಂದು ಇಳಿಸ್ತಾರೆ. ಬ್ಯಾಡ ಅಂದ್ರೂ ಕೇಳಲ್ಲ. ಹೋದಷ್ಟು ಹೋಗ್ಲಿ, ಉಳಿದಿದ್ದು ನಾವು ಒಯ್ತೀವಿ ಅಂತಾರೆ. ಬಿತ್ತನೆ ಮುಗಿದ ಮ್ಯಾಲೆ ಲಾರಿ ಬಂದು ತುಂಬ್ಕೊಂಡು ಹೋಗತೈತೆ. ಒಂದು ಚೀಟಿ ಬರೆದು ಕೊಡ್ತಾರೆ, ಅಷ್ಟೇ."

"ವಾಪಸ್ ಹೋಗಿದ್ದನ್ನ ಮಾರಾಟ ಅಂತ ಯಾಕೆ ಬರೆದ್ರಿ?"

"ಮತ್ತೆ ಹೆಂಗೆ ಬರೀಲಿ? ವಾಪಸ್ ಬರೆಯಾಕೆ ನಿಮ್ಮ ಸಾಫ್ಟ್‌ವೇರ್‌ನಾಗೆ ಜಾಗ ಎಲ್ಲೈತೆ? ದಾಸ್ತಾನು ನೋಡಾಕೆ ಕೃಷಿ ಇಲಾಖೆ ಆಫೀಸರ್ ಬಂದಾಗ ಚೀಲಕ್ಕೂ ಕಂಪ್ಯೂಟರಿಗೂ ತಾಳೆ ಆಗಬೇಕಲ್ಲ. ರೈತರ ಹೆಸರಿಗೆ ಸುಳ್ಳು ಬಿಲ್ ಬರೆದ್ರೆ ಪಾಪ. ದೇವರ ಹೆಸರಿಗೆ ಬರೆದ್ರೆ ಅವನಿಗೆಲ್ಲ ಗೊತ್ತಿರತೈತೆ."

ನಾನು ಸ್ಟೂಲಿನ ಮೇಲೆ ಕೂತೆ.

"ಅವತ್ತೇ ನಾನು ನಿಮಗೆ ಹೇಳಿದ್ದೆ," ಎಂದು ಅಕ್ಕ ಮುಂದುವರಿಸಿದರು. "ವಾಪಸಿಗೆ ಒಂದು ಬಟನ್ ಇಡ್ರಿ ಅಂತ. ನೀವು ಏನಂದ್ರಿ? ವಾಪಸ್ ಅನ್ನಾದು ಇಟ್ರೆ ಎಲ್ರೂ ಮನಸಿಗೆ ಬಂದಂಗೆ ತಿದ್ದತಾರೆ, ಡೇಟಾ ಕೆಡತೈತೆ ಅಂದ್ರಿ."

ಅಂದಿದ್ದೆ. ಚೆನ್ನಾಗಿ ನೆನಪಾಯಿತು. ಜಗಳೂರು ಮೇಡಂ ಕೂಡ ಬೇರೆ ಅಂಗಡಿಗಳಿಂದ ಇದೇ ಬೇಡಿಕೆಯನ್ನು ಎರಡು ಸಲ ನನ್ನ ಹತ್ತಿರ ತಂದಿದ್ದರು. ಎರಡು ಸಲವೂ ನಾನು ತಳ್ಳಿಹಾಕಿದ್ದೆ. ಕಂಪನಿಯ ಪುಸ್ತಕದಲ್ಲಿ ಈ ಚೀಲಗಳೆಲ್ಲ ಲೆಕ್ಕದ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಮಾರಾಟವಾಗಿವೆ. ವಾಪಸ್ ಬಂದದ್ದನ್ನು ಅವರು ಬರೆದಿಲ್ಲ, ಅದಕ್ಕೇ ಬಾಕಿ ಬೆಳೆಯುತ್ತಾ ಹೋಗಿದೆ. ವಸೂಲಾಗಬೇಕಾದ ಹಣ ಎಂದು ನಾನು ಕೂಡಿಸಿಕೊಂಡದ್ದು ಯಾರೂ ಕೊಡಬೇಕಿಲ್ಲದ ಹಣ.

"ಅಕ್ಕಾರೇ, ಯುಗಾದಿ ಆದ ಮೇಲೆ ನಾನು ಬಂದು ಕೇಳಿದಾಗ ಬೀಜ ಚೆನ್ನಾಗಿ ಹೋಗತೈತೆ ಅಂದ್ರಲ್ಲ?"

"ಅಂಗಡಿಯಾಗೆ ಕೂತು, ಎದುರಿಗೆ ಮಾಲು ಇಟ್ಕೊಂಡು ಅದರ ಮೇಲೆ ಕೆಟ್ಟ ಮಾತು ಆಡ್ತಾರಾ? ಲಕ್ಷ್ಮಿ ಸಿಟ್ಟಾಗ್ತಾಳೆ. ನಿಮಗೂ ಗೊತ್ತಿರಬೇಕಲ್ಲ," ಎಂದರು.

ಗೊತ್ತಿತ್ತು. ಹದಿನೈದು ವರ್ಷ ಈ ಅಂಗಡಿಗಳಲ್ಲೇ ಓಡಾಡಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅಂಗಡಿಯವನ ನಿಜವಾದ ಮಾತು ಬೇಕಾದರೆ ಅವನನ್ನು ಅಂಗಡಿಯಿಂದ ಹೊರಗೆ ಕರೆದುಕೊಂಡು ಹೋಗಬೇಕು. ಸಾಫ್ಟ್‌ವೇರ್ ಮಾರುವಾಗ ನಾವು ಹಾಗೇ ಮಾಡುತ್ತಿದ್ದೆವು. ಹೂಡಿಕೆದಾರನಾದ ಮೇಲೆ ನನಗೆ ಸ್ಕ್ರೀನ್ ಸಾಕಾಯಿತು.

ಮಧ್ಯಾಹ್ನ ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನ್ ಕೈಗೆ ತೆಗೆದುಕೊಂಡೆ. ಮೇಡಂ ಅವರ ನಂಬರ್ ತೆಗೆದೆ. ಪೇಟೆ ಇನ್ನೂ ತೆರೆದಿತ್ತು, ಷೇರು ನಾವು ಕೊಂಡ ಬೆಲೆಗಿಂತ ಮೇಲೇ ಇತ್ತು. ಒಂದು ಮಾತು ಹೇಳಿದ್ದರೆ ಅವರು ಅವತ್ತೇ ಮಾರಲು ಶುರು ಮಾಡಬಹುದಿತ್ತು, ನಾಲ್ಕೈದು ದಿನದಲ್ಲಿ ಪೂರ್ತಿ ಹೊರಗೆ ಬರಬಹುದಿತ್ತು.

ಮಾಡಲಿಲ್ಲ. ಒಂದು ಅಂಗಡಿ ನೋಡಿ ತೀರ್ಮಾನ ಮಾಡುವುದು ಸರಿಯಲ್ಲ, ನ್ಯಾಮತಿಯಲ್ಲಿ ಮಾತ್ರ ಹೀಗಿರಬಹುದು, ಎಲ್ಲ ಕಡೆ ನೋಡಿ ಪೂರ್ತಿ ಚಿತ್ರ ಸಿಕ್ಕ ಮೇಲೆ ಹೇಳೋಣ ಎಂದುಕೊಂಡು ಫೋನ್ ಜೇಬಿಗಿಟ್ಟೆ. ಇಂಜಿನಿಯರ್ ಬುದ್ಧಿ. ಒಂದು ಕಡೆ ದೋಷ ಕಂಡರೆ ಎಲ್ಲ ಕಡೆ ಪರೀಕ್ಷೆ ಮಾಡಿ, ವರದಿ ಬರೆದು, ಆಮೇಲೆ ಬಾಯಿ ಬಿಡಬೇಕೆಂದು ನಮಗೆ ಕಲಿಸಿರುತ್ತಾರೆ. ಇದು ಹೊರಗೆ ಹೇಳಿಕೊಳ್ಳುವ ಕಾರಣ. ಒಳಗಿನದು ಬೇರೆ. ನನ್ನದೇ ಸಾಫ್ಟ್‌ವೇರ್ ನನಗೇ ಸುಳ್ಳು ಹೇಳಿತು ಎಂದು, ಹೊಲ ನೋಡಿ ನಿಜ ಹೇಳಿದ್ದ ಆ ಹೆಣ್ಣುಮಗಳ ಮುಂದೆ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ತಪ್ಪು ನನ್ನದಲ್ಲ ಎನ್ನುವ ಒಂದೇ ಒಂದು ಅಂಗಡಿ ಸಿಗಲಿ ಎಂದು ಹುಡುಕಿಕೊಂಡು ಹೊರಟೆ.

ಹೊನ್ನಾಳಿಗೆ ಹೋದೆ. ಈ ಸಲ ಸಾಹುಕಾರರನ್ನು ಅಂಗಡಿಯಿಂದ ಎಬ್ಬಿಸಿ, ನಾಲ್ಕು ಮಳಿಗೆ ಆಚೆಗಿದ್ದ ಹೋಟೆಲಿಗೆ ಚಹಾಕ್ಕೆ ಕರೆದುಕೊಂಡು ಹೋದೆ. ವಿಷಯ ಎತ್ತಿದ ತಕ್ಷಣ ಅವರು ನಕ್ಕುಬಿಟ್ಟರು.

"ಅಯ್ಯೋ ಅದಾ? ಮೊಳಕೆ ಸರಿ ಬರಲ್ಲ ಅದು. ಎರಡು ವರ್ಷದ ಹಿಂದೆ ಒಯ್ದೋರು ನನ್ನ ಅಂಗಡಿ ಮುಂದೆ ಬಂದು ಕೂಗಾಡಿದ್ರು. ನಾನು ಇಟ್ಕೊಳಾದು ಯಾಕೆ ಗೊತ್ತಾ? ಚೀಲ ಇಳಿಸಿಕೊಂಡ್ರೆ ವರ್ಷಕ್ಕೊಂದು ಟೂರ್ ಕರ್ಕೊಂಡು ಹೋಗ್ತಾರೆ. ಇಳಿಸ್ಕೊಳಾದು, ವಾಪಸ್ ಕಳಿಸಾದು. ನಿಮಗೇನಾತು, ಮುಖ ಯಾಕೆ ಹಂಗಾತು?"

ಏನಿಲ್ಲ ಎಂದೆ. ಅವರ ಕಂಪ್ಯೂಟರಿನಲ್ಲಿ ವೀರಭದ್ರ ದೇವರು ಕೊಂಡಿದ್ದ. ಚನ್ನಗಿರಿಯ ಅಂಗಡಿಯಲ್ಲಿ ಒಬ್ಬ ಅಮ್ಮನವರು, ಸಂತೇಬೆನ್ನೂರಿನಲ್ಲಿ ಬಸವಣ್ಣ, ಬಸವಾಪಟ್ಟಣದಲ್ಲಿ ಮತ್ತೆ ಆಂಜನೇಯ. ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ. ನಾನು ಬಾಗಿಲು ಇಡದ ಗೋಡೆಗೆ ಎಲ್ಲರೂ ಒಂದೇ ಜಾಗದಲ್ಲಿ ಕಿಂಡಿ ಕೊರೆದುಕೊಂಡಿದ್ದರು. ಹೋದ ಕಡೆಯೆಲ್ಲ ಸಂಖ್ಯೆ ಬರೆದುಕೊಂಡೆ. ಸಂಜೆ ಮನೆಗೆ ಬಂದು ಅವನ್ನೆಲ್ಲ ಪಟ್ಟಿ ಮಾಡುತ್ತಿದ್ದೆ. ಮೂರನೆಯ ಅಂಗಡಿಗೇ ನಿಜ ಏನೆಂದು ಪೂರ್ತಿ ಗೊತ್ತಾಗಿತ್ತು. ಆಮೇಲಿನ ಅಂಗಡಿಗಳಿಗೆ ಹೋದದ್ದು ಫೋನ್ ಮಾಡುವುದನ್ನು ಮುಂದೂಡಲು, ಮತ್ತೇನಕ್ಕೂ ಅಲ್ಲ.

ಅಷ್ಟರಲ್ಲಿ ಕಂಪನಿಯ ವಾರ್ಷಿಕ ಸಭೆಯ ದಿನ ಬಂತು. ಈಗ ಅದೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಮೊದಲೇ ಹೆಸರು ಕೊಟ್ಟರೆ ಷೇರುದಾರರಿಗೂ ಎರಡು ನಿಮಿಷ ಮಾತನಾಡಲು ಬಿಡುತ್ತಾರೆ. ಅಲ್ಲಿ ಒಂದು ಪ್ರಶ್ನೆ ಕೇಳಿ ಉತ್ತರ ಪಡೆದ ಮೇಲೆ ಹೇಳೋಣ ಎಂದು ಇನ್ನೆರಡು ದಿನ ತಳ್ಳಿದೆ. ನನ್ನ ಸರದಿ ಬಂದಾಗ ಹಂಗಾಮಿನ ನಂತರ ಎಷ್ಟು ಚೀಲ ವಾಪಸ್ ಬರುತ್ತದೆ, ಅದನ್ನು ಯಾವ ತಲೆಬರಹದಲ್ಲಿ ತೋರಿಸುತ್ತೀರಿ ಎಂದು ಕೇಳಿದೆ. ಸೂಟು ತೊಟ್ಟವರೊಬ್ಬರು ಮುಗುಳ್ನಕ್ಕು, ತಮ್ಮ ವಿತರಕರೊಂದಿಗಿನ ಸಂಬಂಧ ಬಹಳ ಗಟ್ಟಿಯಾಗಿದೆ, ಇಂಥ ಕಾಳಜಿಯ ಷೇರುದಾರರು ಸಿಕ್ಕಿದ್ದು ತಮ್ಮ ಭಾಗ್ಯ ಎಂದು ಹೇಳಿ ಮುಂದಿನವರನ್ನು ಕರೆದರು.

ಆಗಲಾದರೂ ಫೋನ್ ಮಾಡಬೇಕಿತ್ತು. ನಾಳೆ ಬೆಳಿಗ್ಗೆ ಮಾಡುತ್ತೇನೆ, ಹೇಗೆ ಹೇಳಬೇಕೆಂದು ರಾತ್ರಿ ಯೋಚಿಸುತ್ತೇನೆ ಎಂದುಕೊಂಡೆ. ಅದೇ ಸಂಜೆ ಷೇರುಪೇಟೆಯ ವೆಬ್‌ಸೈಟಿನಲ್ಲಿ ಒಂದು ಪುಟದ ಪತ್ರ ಬಂತು. ಕಂಪನಿಯ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟಿದ್ದರು. ಬಾಕಿಗಳ ಬಗ್ಗೆ ಕೇಳಿದ ವಿವರ ಸಿಗಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ನ್ಯಾಮತಿಯ ಅಂಗಡಿಯಿಂದ ಎದ್ದು ಬಂದು ಅವತ್ತಿಗೆ ಹನ್ನೊಂದು ದಿನ.

ಆಗ ಫೋನ್ ಮಾಡಿದೆ. ಬೆಳಿಗ್ಗೆ ಪೇಟೆ ತೆರೆಯುವ ಮೊದಲೇ ಮಾರಾಟಕ್ಕೆ ಹಾಕಿ ಎಂದಷ್ಟೇ ಹೇಳಿದೆ, ಹನ್ನೊಂದು ದಿನದ ವಿಷಯ ಹೇಳಲಿಲ್ಲ. ಯಾಕೆ ಸರ್ ಎಂದು ಕೇಳಿದ್ದಕ್ಕೆ ಆಮೇಲೆ ಹೇಳುತ್ತೇನೆ ಎಂದೆ.

ಸಣ್ಣ ಷೇರುಗಳಿಗೆ ಒಂದು ಕಟ್ಟು ಇದೆ. ಒಂದು ದಿನಕ್ಕೆ ಇಷ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎಲ್ಲರೂ ಮಾರುವವರೇ ಆದಾಗ ಬೆಲೆ ಆ ಕಟ್ಟಿಗೆ ಬಂದು ನಿಲ್ಲುತ್ತದೆ, ಕೊಳ್ಳುವವರ ಕಡೆ ಸೊನ್ನೆ. ಮೊದಲು ಹಾಕಿದವರಿಗೆ ಮೊದಲ ಸರದಿ ಎಂದಿದ್ದರೂ ಆ ಸಾಲು ಮುಂದಕ್ಕೆ ಹೋಗುವುದೇ ಇಲ್ಲ. ಮರುದಿನ ಬೆಳಿಗ್ಗೆ ಪೇಟೆ ತೆರೆದ ಕ್ಷಣದಲ್ಲೇ ಹಾಗಾಯಿತು. ಅದರ ಮರುದಿನವೂ. ಹಾಕಿದ ಆರ್ಡರು ಸಂಜೆಗೆ ರದ್ದಾಗುತ್ತದೆ, ಬೆಳಿಗ್ಗೆ ಮತ್ತೆ ಹೊಸದಾಗಿ ಹಾಕಬೇಕು. ಮೇಡಂ ಪ್ರತಿದಿನ ತಪ್ಪದೆ, "ಹಾಕಿದೀನಿ ಸರ್" ಎಂದು ಒಂದು ಸಾಲು ಬರೆಯುತ್ತಿದ್ದರು. ಮಧ್ಯಾಹ್ನ ಮೂರೂವರೆಗೆ, "ಹೋಗಿಲ್ಲ ಸರ್" ಎಂದು ಇನ್ನೊಂದು ಸಾಲು. ಐದು ವಾರ ಹೀಗೇ ನಡೆಯಿತು. ಸಾಫ್ಟ್‌ವೇರ್ ಕೆಟ್ಟರೆ ಒಂದು ರಾತ್ರಿ ನಿದ್ದೆಗೆಟ್ಟು ಸರಿಮಾಡಿ ಬೆಳಿಗ್ಗೆ ಹೊಸ ಆವೃತ್ತಿ ಕಳಿಸಬಹುದು. ಇಲ್ಲಿ ನಾನು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ಮನೆಯವರು ಕೇಳಿದರೆ ಸಿಡುಕುತ್ತಿದ್ದೆ.

ಕೊನೆಗೆ ಒಂದು ದಿನ ಕೊಳ್ಳುವವರು ಬಂದರು. ಚಿಂದಿ ಆಯುವವರಂತೆ ಇಂಥ ಬೆಲೆಗೇ ಕಾದು ಕೊಳ್ಳುವವರು ಪೇಟೆಯಲ್ಲಿರುತ್ತಾರೆ. ಮೇಡಂ ಅವರ ಷೇರು ಪೂರ್ತಿ ಹೋಯಿತು. ಹಾಕಿದ ಹಣದಲ್ಲಿ ಹತ್ತರಲ್ಲಿ ಎರಡು ಪಾಲೂ ಕೈಗೆ ಬರಲಿಲ್ಲ. "ಹೋತು ಸರ್," ಎಂದು ಬರೆದಿದ್ದರು. ನನ್ನದೂ ಹೋಗಿತ್ತು, ಅದರ ಬಗ್ಗೆ ಯೋಚನೆ ಮಾಡುವಷ್ಟು ಜಾಗ ನನ್ನ ತಲೆಯಲ್ಲಿ ಇರಲಿಲ್ಲ.

ಎರಡು ದಿನ ಬಿಟ್ಟು ಜಗಳೂರಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಮೇಡಂ ಆ ರೂಮಿನಲ್ಲೇ ಇದ್ದರು, ಕಸ ಗುಡಿಸಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ತಾವು ಕಟ್ಟೆಗೆ ಒರಗಿ ನಿಂತರು. ನೀರು ಕೊಟ್ಟರು. ನಾನು ನ್ಯಾಮತಿಯ ಅಕ್ಕನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದೇವರ ಹೆಸರಿನ ಬಿಲ್ಲುಗಳ ವಿಷಯ ಬಂದಾಗ ಅವರು ತಲೆ ಅಲ್ಲಾಡಿಸಿದರು.

"ಅಂಗಡಿಯೋರು ಏನೋ ಹಂಗೆ ಮಾಡ್ತಾರೆ ಅಂತ ನನಗೆ ಅಂದಾಜಿತ್ತು ಸರ್. ಇಷ್ಟು ದೊಡ್ಡದು ಅಂತ ಗೊತ್ತಿರಲಿಲ್ಲ," ಎಂದರು. ಆಮೇಲೆ ಕೇಳಿದರು, "ನ್ಯಾಮತಿಗೆ ನೀವು ಯಾವತ್ತು ಹೋಗಿದ್ರಿ?"

ದಿನ ಹೇಳಿದೆ.

ಅವರು ಲೆಕ್ಕ ಹಾಕುತ್ತಿರುವುದು ತುಟಿಯಲ್ಲಿ ಕಾಣುತ್ತಿತ್ತು. "ಅವತ್ತು ರೇಟ್ ಇನ್ನೂ ಚೆನ್ನಾಗಿತ್ತಲ್ಲ ಸರ್?"

"ಇತ್ತು."

"ನನಗೆ ಒಂದು ಫೋನ್ ಮಾಡಾಕೆ ಏನಾಗಿತ್ತು ಸರ್?"

ಬಸ್ಸಿನಲ್ಲಿ ಬರುವಾಗ ಈ ಪ್ರಶ್ನೆಗೆ ನಾಲ್ಕಾರು ಉತ್ತರ ಕಟ್ಟಿಕೊಂಡಿದ್ದೆ. ಅವನ್ನೆಲ್ಲ ಬಿಟ್ಟೆ. "ನಾಚಿಕೆಯಾಯ್ತು ಮೇಡಂ," ಎಂದೆ. ಅವರು ನನ್ನ ಖಾಲಿ ಲೋಟ ತೆಗೆದು ಸಿಂಕಿನಲ್ಲಿಟ್ಟರು. ಹೊರಗೆ ಬಸ್ಸಿನ ಏಜೆಂಟು ದಾವಣಗೆರೆ, ದಾವಣಗೆರೆ ಎಂದು ಕೂಗುತ್ತಿದ್ದ. ಅವರು ಬೈದಿದ್ದರೆ ಒಳ್ಳೆಯದಿತ್ತು ಎನಿಸಿತು.

ಅಷ್ಟರಲ್ಲಿ ರೂಮಿನ ಮಾಲೀಕರು ಬಂದರು, ಬಿಳಿ ಟವೆಲ್ ಹೆಗಲಿಗೆ ಹಾಕಿಕೊಂಡ ವಯಸ್ಸಾದವರು. "ಏನವ್ವ, ಮಿಷಿನ್ ಬಂದ್ವಾ? ನಮ್ಮ ಬೋರಿನ ನೀರು ಮೊದಲು ನೋಡಿ ಕೊಡಬೇಕು ನೋಡು, ಮೊಮ್ಮಗಳ ಹಲ್ಲು ಹಿಂಗಾಗ್ಯಾವೆ," ಎಂದರು.

"ಇಲ್ಲ ಕಾಕಾ. ಲ್ಯಾಬ್ ಆಗಲ್ಲ. ಬಾಡಿಗೆಗೆ ಬೇರೆಯೋರು ಬಂದ್ರೆ ಕೊಟ್ಟುಬಿಡ್ರಿ. ಈ ಕಟ್ಟೆ ಒಡೆಸಾದಾದ್ರೆ ಖರ್ಚು ನಾನು ಕೊಡ್ತೀನಿ."

ಮುದುಕರು ಒಮ್ಮೆ ಕಟ್ಟೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಇವರು ಯಾರವ್ವ?"

ಮೇಡಂ ನೆಟ್ಟಗೆ ನಿಂತುಕೊಂಡರು. ನನ್ನ ಹೆಸರು ಹೇಳಿ, "ಇವರು ನಮ್ಮ ಸರ್ ಕಾಕಾ. ಭಾಳ ಓದಿಕೊಂಡಿದಾರೆ. ನಾನು ಕೆಲಸ ಕಲಿತಿದ್ದೆಲ್ಲ ಇವರ ಹತ್ರಾನೇ," ಎಂದರು. ಅದರಲ್ಲಿ ಕೊಂಕು ಇದೆಯೇ ಎಂದು ಅವರ ಮುಖ ನೋಡಿದೆ. ಇರಲಿಲ್ಲ.

ಮುದುಕರು ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದರು. "ದೊಡ್ಡೋರು ನಮ್ಮೂರಿಗೆ ಬಂದೀರಿ. ಏನು ಕೆಲಸ ಮಾಡ್ತೀರಿ ಸರ್ ತಾವು?"

"ಕಂಪ್ಯೂಟರ್ ರಿಪೇರಿ," ಎಂದೆ.